ಜಾಗತೀಕರಣದ ಕಾಲದಲ್ಲಿ ಪಕ್ಕದ ಬೆಂಚು

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಯಿತು. ಶೇಕಡಾ 91.12ರಷ್ಟು ಮಕ್ಕಳು ಉತ್ತೀರ್ಣರಾಗಿ ದಕ್ಷಿಣ ಕನ್ನಡ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿತ್ತು. ಅದೇ ದಿನ ಜಿಲ್ಲೆಯಲ್ಲಿ ಬಂದ್‌ಗೆ ಕರೆ ನೀಡಲಾಗಿತ್ತು. ಹಿಂದಿನ ರಾತ್ರಿ ಮಂಗಳೂರಿನ ಹೊರವಲಯದಲ್ಲಿ ಒಬ್ಬನ ಕೊಲೆಯಾಗಿತ್ತು. ಅದಕ್ಕೆ ಕೆಲವೇ ದಿನ ಮೊದಲು, ಮಂಗಳೂರಿನ ಬಳಿಯೇ, ಗುಂಪೊಂದು ಇನ್ನೊಬ್ಬನನ್ನು ಹೊಡೆದು ಕೊಂದಿತ್ತು. ಅದೇ ಮೇ ತಿಂಗಳು ಮುಗಿಯುವ ಮೊದಲು ಬಂಟ್ವಾಳ ತಾಲ್ಲೂಕಿನಲ್ಲಿ ಮೂರನೆಯ ಜೀವ ಹೋಯಿತು. ಸತ್ತವರು ಒಂದೇ ಧರ್ಮದವರಲ್ಲ, ಆದರೆ ಮೂವರೂ ಯಾರದೋ ಮನೆಯ ಮಕ್ಕಳು.

ಅಜ್ಜಾವರದ ನಮ್ಮ ಮನೆಯ ಜಗಲಿಯಲ್ಲಿ ಮರುದಿನದ ಪತ್ರಿಕೆ ಬಿಡಿಸಿದಾಗ ಈ ಎರಡು ಸುದ್ದಿಗಳೂ ಒಟ್ಟಿಗೇ ಕಣ್ಣಿಗೆ ಬಿದ್ದವು. ಇಂಥ ಜೋಡಿ ಸುದ್ದಿ ನಮ್ಮ ಜಿಲ್ಲೆಗೆ ಹೊಸತಲ್ಲ. 2022ರ ಜುಲೈ ತಿಂಗಳಲ್ಲಿ ನಮ್ಮ ಸುಳ್ಯ ತಾಲ್ಲೂಕಿನ ಬೆಳ್ಳಾರೆ ಪರಿಸರದಲ್ಲಿ ಇಬ್ಬರು ಯುವಕರು, ಬಳಿಕ ಸುರತ್ಕಲ್ಲಿನಲ್ಲಿ ಇನ್ನೊಬ್ಬ ಯುವಕ, ಹತ್ತೇ ದಿನಗಳ ಅವಧಿಯಲ್ಲಿ ಬಲಿಯಾದರು. ಅದರ ಮುಂದಿನ ಎರಡು ವರ್ಷ, 2023 ಮತ್ತು 2024ರಲ್ಲಿ, ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡಕ್ಕೇ ಪ್ರಥಮ ಸ್ಥಾನ. 2024ರಲ್ಲಿ ನಮ್ಮ ಉತ್ತೀರ್ಣತೆ ಶೇಕಡಾ 97.37.

ಈ ಕೊಲೆಗಳಿಗೂ ಶಾಲೆಗಳಿಗೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆರೋಪಿಗಳು ಯಾರು, ಏನು ಎಂಬುದನ್ನು ನ್ಯಾಯಾಲಯಗಳು ತೀರ್ಮಾನಿಸುತ್ತವೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಪ್ರತಿ ಸಾವಿನ ನಂತರ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ಸಂದೇಶಗಳನ್ನು ಬರೆದವರೂ ಹಂಚಿದವರೂ ಅನಕ್ಷರಸ್ಥರಾಗಿರಲಿಲ್ಲ. ನಮ್ಮದೇ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸತ್ತವನ ಧರ್ಮವನ್ನು ನೋಡಿಕೊಂಡು ದುಃಖವನ್ನೋ ಸಮಾಧಾನವನ್ನೋ ವ್ಯಕ್ತಪಡಿಸಿದವರಲ್ಲಿ ಇಂಜಿನಿಯರುಗಳಿದ್ದರು, ವೈದ್ಯರಿದ್ದರು, ಸಮುದ್ರದಾಚೆ ಹತ್ತು ದೇಶಗಳ ಜನರೊಂದಿಗೆ ಒಂದೇ ಕಚೇರಿಯಲ್ಲಿ ದುಡಿಯುವವರಿದ್ದರು. ಜಗತ್ತಿನೊಂದಿಗೆ ವ್ಯವಹರಿಸಲು ನಾವು ಅವರಿಗೆ ಚೆನ್ನಾಗಿಯೇ ಕಲಿಸಿದ್ದೇವೆ. ಊರಿನ ನೆರೆಯವನ ಸಾವಿಗೆ ಮರುಗಲು ಕಲಿಸಿದ್ದೇವೆಯೇ?

ಇಂಥ ಪ್ರಶ್ನೆ ಎದ್ದಾಗಲೆಲ್ಲ ಸರ್ಕಾರಗಳ ಬಳಿ ಒಂದು ಸಿದ್ಧ ಉತ್ತರವಿರುತ್ತದೆ: ವಾರಕ್ಕೊಂದು ಮೌಲ್ಯಶಿಕ್ಷಣದ ಅವಧಿ, ಪಠ್ಯಪುಸ್ತಕದಲ್ಲಿ ಇನ್ನೊಂದು ಪಾಠ. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಇಂಥ ಸುತ್ತೋಲೆಗಳಿಗೆ ನಾನೂ ಸಹಿ ಹಾಕಿದ್ದೇನೆ. ಈಗ ಊರಿಗೆ ಮರಳಿ ನೋಡುವಾಗ ನನಗೆ ಸ್ಪಷ್ಟವಾಗಿ ಕಾಣುವುದು ಇಷ್ಟು: ಮಾನವೀಯ ಮೌಲ್ಯವನ್ನು ಮಗುವಿಗೆ ಪಾಠಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಕೂರುವ ಮಗು ಕಲಿಸುತ್ತದೆ. ಜಾಗತೀಕರಣದ ಈ ಮೂರು ದಶಕಗಳಲ್ಲಿ ನಾವು ಕಳೆದುಕೊಂಡಿರುವುದು ಪಾಠವನ್ನಲ್ಲ, ಬೇರೆ ಬೇರೆ ಮನೆಗಳ ಮಕ್ಕಳು ಒಟ್ಟಿಗೆ ಕೂರುತ್ತಿದ್ದ ಆ ಬೆಂಚನ್ನು.

ಅಜ್ಜಾವರ ಪಯಸ್ವಿನಿ ನದಿಯ ಆಚೆ ದಡದ ಊರು. ಈಚೆ ಸುಳ್ಯ ಪೇಟೆ. ಅತ್ತ ಮಂಡೆಕೋಲು ದಾಟಿದರೆ ಕೇರಳ. ರಾಜ್ಯದ ಗಡಿ 1956ರಲ್ಲಿ ನಮ್ಮ ತೋಟಗಳ ಅಂಚಿನಲ್ಲಿ ಹಾದುಹೋಯಿತಾದರೂ ನೆಂಟಸ್ತಿಕೆ, ಜಾತ್ರೆ, ಉರೂಸುಗಳು ಗಡಿಯನ್ನು ಲೆಕ್ಕಿಸಲಿಲ್ಲ. ಅರುವತ್ತರ ದಶಕದ ಕೊನೆಯಲ್ಲಿ ನಾನು ಓದಿದ ಪ್ರಾಥಮಿಕ ಶಾಲೆಯ ಒಂದೇ ತರಗತಿಯಲ್ಲಿ ಅರೆಭಾಷೆ, ತುಳು, ಹವ್ಯಕ ಕನ್ನಡ, ಮಲಯಾಳಂ, ಬ್ಯಾರಿ ಭಾಷೆ, ಮರಾಟಿ ಆಡುವ ಮನೆಗಳ ಮಕ್ಕಳಿದ್ದರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳನ್ನು ಎಪ್ಪತ್ತರ ದಶಕದಲ್ಲಿ ನಮ್ಮ ತಾಲ್ಲೂಕಿನ ರಬ್ಬರ್ ತೋಟಗಳಿಗೆ ತಂದು ನೆಲೆಗೊಳಿಸಿದಾಗ, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ, ತಮಿಳೂ ಸೇರಿಕೊಂಡಿತು. ಕನ್ನಡ ನಮ್ಮಲ್ಲಿ ಬಹುತೇಕರಿಗೆ ಮನೆಯ ಮಾತಾಗಿರಲಿಲ್ಲ. ಅದು ನಾವೆಲ್ಲ ಮನೆಯಿಂದ ಹೊರಬಂದು ಸೇರುತ್ತಿದ್ದ ಅಂಗಳವಾಗಿತ್ತು.

ಮಧ್ಯಾಹ್ನ ಕೇರ್ ಸಂಸ್ಥೆಯ ಅಮೆರಿಕದ ಗೋಧಿಯ ಸಜ್ಜಿಗೆ. ಜಾಗತೀಕರಣದ ಮೊದಲ ರುಚಿ ನನಗೆ ಸಿಕ್ಕಿದ್ದು ಅಲ್ಲಿ ಎಂದು ತಮಾಷೆಗೆ ಹೇಳುವುದುಂಟು. ಸಾಲಾಗಿ ಕುಳಿತು ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಉಣ್ಣುವುದು ಆ ಕಾಲದ ಹಳ್ಳಿಯಲ್ಲಿ ಬೇರೆಲ್ಲಿಯೂ ಸಾಧ್ಯವಿರಲಿಲ್ಲ. ಯಾರ ಮನೆಯಲ್ಲಿಯೂ ಇಲ್ಲ, ಯಾವ ಸಮಾರಂಭದಲ್ಲಿಯೂ ಇಲ್ಲ. ನಮ್ಮಲ್ಲಿ ಕೆಲವರಿಗೆ ಅದನ್ನು ಉಣ್ಣಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಿತ್ತು. ಆದರೂ ಉಂಡೆವು, ಮನೆಯಲ್ಲಿ ಹೇಳಲಿಲ್ಲ. ಆ ಸಣ್ಣ ಸುಳ್ಳಿನಲ್ಲಿ ನಾನು ಕಲಿತ ಸಮಾನತೆಯನ್ನು ಮುಂದೆ ಸಂವಿಧಾನವನ್ನು ಓದಿಯೂ ಅಷ್ಟು ಗಟ್ಟಿಯಾಗಿ ಕಲಿಯಲಿಲ್ಲ.

ಇದನ್ನು ಹಳೆಯ ಕಾಲದ ಗುಣಗಾನವೆಂದು ಓದುಗರು ಭಾವಿಸಬಾರದು. ಆ ಶಾಲೆ ಸ್ವರ್ಗವಾಗಿರಲಿಲ್ಲ. ಕಾಲನಿಯ ಮಕ್ಕಳಲ್ಲಿ ಹೆಚ್ಚಿನವರು ನಾಲ್ಕನೆಯ ತರಗತಿ ದಾಟಲಿಲ್ಲ. ಹೆಣ್ಣುಮಕ್ಕಳು ಏಳನೆಯ ತರಗತಿಗೆ ನಿಂತರು. ಮಳೆಗಾಲದಲ್ಲಿ ತೋಡು ತುಂಬಿ ಸಂಕ ಕೊಚ್ಚಿಹೋದರೆ ವಾರಗಟ್ಟಲೆ ಹಾಜರಿ ಇಲ್ಲ. ಬೆತ್ತವೂ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುತ್ತಿರಲಿಲ್ಲ. ಇಂದು ಪ್ರತಿ ಮನೆಯ ಹುಡುಗಿಯೂ ಹೈಸ್ಕೂಲು ಮುಗಿಸುತ್ತಿದ್ದಾಳೆ ಎಂದರೆ ಅದು ಸಣ್ಣ ಸಾಧನೆಯಲ್ಲ. ನನ್ನ ವಾದ ಇಷ್ಟೇ: ಆ ಶಾಲೆ ಅನೇಕರನ್ನು ಅರ್ಧದಲ್ಲಿ ಕೈಬಿಟ್ಟಿತಾದರೂ ಇದ್ದಷ್ಟು ದಿನ ಎಲ್ಲರನ್ನೂ ಒಟ್ಟಿಗೆ ಇಟ್ಟಿತು. ಇಂದಿನ ವ್ಯವಸ್ಥೆ ಯಾರನ್ನೂ ಹೊರಗಿಡುವುದಿಲ್ಲ, ಆದರೆ ಯಾರನ್ನೂ ಒಟ್ಟಿಗೆ ಕೂರಿಸುವುದೂ ಇಲ್ಲ.

ಇದು ಹೇಗಾಯಿತು? ನನ್ನ ಓದು ಅರ್ಥಶಾಸ್ತ್ರದ್ದಾದ್ದರಿಂದ ಅಡಿಕೆಯಿಂದಲೇ ಆರಂಭಿಸುತ್ತೇನೆ. ನಮ್ಮೂರ ಬದುಕು ನಿಂತಿರುವುದು ಅಡಿಕೆ ಮತ್ತು ರಬ್ಬರಿನ ಮೇಲೆ. 1991ರ ಆರ್ಥಿಕ ಸುಧಾರಣೆಗಳು ಮತ್ತು 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸ್ಥಾಪನೆಯ ನಂತರ ಈ ಎರಡೂ ಬೆಳೆಗಳ ಭವಿಷ್ಯ ಹೊರದೇಶಗಳ ಸರಕಿನ ಜೊತೆ ತಳುಕು ಹಾಕಿಕೊಂಡಿತು. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದಾಗ ಸುಳ್ಯದ ಬೆಳೆಗಾರ ನಿಟ್ಟುಸಿರು ಬಿಟ್ಟ. ಅಂದರೆ ಅವನ ಮನೆಯ ಲೆಕ್ಕಾಚಾರ ದೆಹಲಿಯ ಒಂದು ಅಧಿಸೂಚನೆಯ ಮೇಲೆ ನಿಂತಿದೆ. ಇದಕ್ಕೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಸೇರಿವೆ. ಇಂಥ ಅನಿಶ್ಚಿತತೆಯಲ್ಲಿ ತೋಟವನ್ನು ನಂಬಿ ಮಗನನ್ನು ಊರಿನಲ್ಲಿ ಉಳಿಸಿಕೊಳ್ಳುವ ತಂದೆ ಅಪರೂಪ. ಎಲ್ಲಿ ಬೇಕಾದರೂ ಕೊಂಡೊಯ್ದು ಮಾರಬಹುದಾದ ಒಂದೇ ಆಸ್ತಿ ಎಂದರೆ ಇಂಗ್ಲಿಷ್ ಮತ್ತು ಒಂದು ವೃತ್ತಿಪರ ಪದವಿ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಅದಕ್ಕೆ ಶುಲ್ಕ ಕಟ್ಟುತ್ತಾನೆ, ಬೆಲೆ ಬಿದ್ದ ವರ್ಷ ಸಾಲ ಮಾಡುತ್ತಾನೆ. ಇದು ದುರಾಸೆಯಲ್ಲ, ಭಯ. ಈ ಭಯವನ್ನು ಅರ್ಥಮಾಡಿಕೊಳ್ಳದೆ ಕನ್ನಡ ಶಾಲೆಯ ಬಗೆಗೋ ಮಾನವೀಯ ಶಿಕ್ಷಣದ ಬಗೆಗೋ ಉಪದೇಶ ಮಾಡುವುದು ವ್ಯರ್ಥ.

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪುಸ್ತಕದಲ್ಲಿ ಸಂಸ್ಥೆಗಳು ಹದಗೆಟ್ಟಾಗ ಜನರ ಮುಂದೆ ಎರಡು ದಾರಿಗಳಿರುತ್ತವೆ ಎಂದು ಹೇಳುತ್ತಾರೆ. ಒಂದು, ಎದ್ದು ಹೊರನಡೆಯುವುದು. ಇನ್ನೊಂದು, ಅಲ್ಲೇ ಇದ್ದು ದನಿಯೆತ್ತುವುದು. ಸಾರ್ವಜನಿಕ ಶಾಲೆಗಳ ವಿಷಯದಲ್ಲಿ ಒಂದು ಅಪಾಯವನ್ನು ಅವರು ಗುರುತಿಸಿದ್ದರು: ಗುಣಮಟ್ಟದ ಬಗ್ಗೆ ಅತ್ಯಂತ ಹೆಚ್ಚು ಕಾಳಜಿಯಿರುವ ಪಾಲಕರೇ ಮೊದಲು ಹೊರನಡೆಯುತ್ತಾರೆ. ದನಿಯೆತ್ತಬಲ್ಲವರು ಹೋದ ಮೇಲೆ ಶಾಲೆ ಇನ್ನಷ್ಟು ಕುಸಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ನಡೆದದ್ದು ಅಕ್ಷರಶಃ ಇದೇ. ಮೊದಲು ತೋಟದ ಯಜಮಾನರ ಮಕ್ಕಳು ಹೋದರು, ಬಳಿಕ ಶಿಕ್ಷಕರ ಮತ್ತು ನೌಕರರ ಮಕ್ಕಳು, ಆಮೇಲೆ ಅಂಗಡಿಯವರ ಮಕ್ಕಳು. ಹೊರನಡೆದವರು ಒಂದೇ ಶಾಲೆಗೆ ಹೋಗಲಿಲ್ಲ. ಶುಲ್ಕಕ್ಕೆ ತಕ್ಕ ಶಾಲೆ, ಜಾತಿಗೆ ತಕ್ಕ ಶಾಲೆ, ಧರ್ಮಕ್ಕೆ ತಕ್ಕ ಶಾಲೆ ಎಂದು ಹಂಚಿಹೋದರು. ಮುಕ್ತ ಮಾರುಕಟ್ಟೆ ಎಲ್ಲರನ್ನೂ ಬೆರೆಸುತ್ತದೆ ಎಂಬುದು ನಂಬಿಕೆ. ಶಿಕ್ಷಣದಲ್ಲಿ ಅದು ಸಮಾಜವನ್ನು ಜರಡಿ ಹಿಡಿಯಿತು.

ಈ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಪಾತ್ರವಿದೆ. ಶಿಕ್ಷಣವು ಹಕ್ಕೋ ಸರಕೋ ಎಂಬ ಪ್ರಶ್ನೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಕೊಂಡೊಯ್ದದ್ದು ನಮ್ಮ ರಾಜ್ಯದ ಪ್ರಕರಣಗಳೇ. ವಂತಿಗೆ ಹಾವಳಿಯನ್ನು ತಡೆಯಲು 1984ರಲ್ಲಿಯೇ ನಮ್ಮಲ್ಲಿ ಕಾನೂನು ಬಂದಿತ್ತು. ಆದರೆ 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ನಿಗದಿಪಡಿಸಿತು: ಸರ್ಕಾರಿ ಕೋಟಾದವರಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ವಂತಿಗೆಯನ್ನು ಕಾನೂನುಬಾಹಿರವೆಂದಿತು, ಶಿಕ್ಷಣವನ್ನು ಹಕ್ಕೆಂದು ಕರೆಯಿತು. ಹತ್ತು ವರ್ಷಗಳ ನಂತರ, 2002ರಲ್ಲಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ವಿದ್ಯಾಸಂಸ್ಥೆ ನಡೆಸುವುದು ಒಂದು ಉದ್ಯೋಗ, ಲಾಭಕೋರತನ ಸಲ್ಲದಾದರೂ ಸಮಂಜಸವಾದ ಮಿಗತೆ ತಪ್ಪಲ್ಲ ಎಂಬ ನಿಲುವಿಗೆ ಬಂದಿತು. 2014ರಲ್ಲಿ ಕರ್ನಾಟಕ ಸರ್ಕಾರದ್ದೇ ಇನ್ನೊಂದು ಪ್ರಕರಣ: ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದು ಸಂವಿಧಾನ ಪೀಠ ತೀರ್ಪಿತ್ತಿತು.

ಈ ತೀರ್ಪುಗಳನ್ನು ನಾನು ಟೀಕಿಸುತ್ತಿಲ್ಲ. ಪ್ರತಿಯೊಂದರ ಹಿಂದೆಯೂ ವ್ಯಕ್ತಿಸ್ವಾತಂತ್ರ್ಯದ ಗೌರವಾರ್ಹ ತರ್ಕವಿದೆ. ಆದರೆ ಒಟ್ಟಾಗಿ ನೋಡಿದಾಗ ಅವುಗಳ ಪರಿಣಾಮವೇನು? ಶಿಕ್ಷಣ ಎಂಬುದು ಪಾಲಕ ಮತ್ತು ಸಂಸ್ಥೆಯ ನಡುವಿನ ವ್ಯವಹಾರವಾಯಿತು. ಆ ವ್ಯವಹಾರದಲ್ಲಿ ಇಲ್ಲದವನು ಮೂರನೆಯವನು, ಅಂದರೆ ನೆರೆಮನೆಯ ಮಗು. ನನ್ನ ಮಗ ಯಾರೊಂದಿಗೆ ಕಲಿಯುತ್ತಾನೆ ಎಂಬುದರಲ್ಲಿ ಸಮಾಜಕ್ಕೂ ಒಂದು ಪಾಲಿದೆ ಎಂಬ ಮಾತು ಚರ್ಚೆಯಿಂದಲೇ ಮರೆಯಾಯಿತು. 1964–66ರ ಕೊಠಾರಿ ಆಯೋಗ ಈ ಪಾಲನ್ನು ಗುರುತಿಸಿ ಎಲ್ಲ ವರ್ಗಗಳ ಮಕ್ಕಳೂ ಒಟ್ಟಿಗೆ ಓದುವ ನೆರೆಹೊರೆಯ ಸಮಾನ ಶಾಲೆಗಳನ್ನು ಶಿಫಾರಸು ಮಾಡಿತ್ತು. ರಾಷ್ಟ್ರೀಯ ಆದಾಯದ ಶೇಕಡಾ 6ನ್ನು ಶಿಕ್ಷಣಕ್ಕೆ ಕೊಡಬೇಕೆಂದಿತ್ತು. ಆರು ದಶಕಗಳ ನಂತರವೂ ಎರಡೂ ಕೈಗೂಡಿಲ್ಲ. 1996ರಲ್ಲಿ ಯುನೆಸ್ಕೋಗೆ ವರದಿ ಸಲ್ಲಿಸಿದ ಜಾಕ್ ಡೆಲೋರ್ ಆಯೋಗ ಶಿಕ್ಷಣದ ನಾಲ್ಕು ಕಂಬಗಳಲ್ಲಿ ಒಂದೆಂದು ಹೆಸರಿಸಿದ್ದು ಒಟ್ಟಿಗೆ ಬಾಳಲು ಕಲಿಯುವುದನ್ನು. ಒಟ್ಟಿಗೆ ಕುಳಿತೇ ಇಲ್ಲದವರು ಒಟ್ಟಿಗೆ ಬಾಳಲು ಕಲಿಯುವುದಾದರೂ ಹೇಗೆ?

ನನ್ನ ಪಾಲಿನ ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಬೇಕು. ಬೆಂಗಳೂರಿಗೆ ವರ್ಗವಾದಾಗ ನನ್ನ ಇಬ್ಬರು ಮಕ್ಕಳನ್ನು ಹೆಸರುವಾಸಿಯಾದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದೆ. ಎರಡನೆಯ ಯೋಚನೆ ಸುಳಿಯಲೂ ಇಲ್ಲ. ಅದೇ ವರ್ಷಗಳಲ್ಲಿ ಕಚೇರಿಯಲ್ಲಿ ಕುಳಿತು ಮಕ್ಕಳ ಸಂಖ್ಯೆ ಕಡಿಮೆಯಿರುವ ಸರ್ಕಾರಿ ಶಾಲೆಗಳ ವಿಲೀನದ ಕಡತಗಳನ್ನು ನೋಡುತ್ತಿದ್ದೆ. ಮಕ್ಕಳಿಲ್ಲದ ಶಾಲೆಗೆ ಖರ್ಚೇಕೆ ಎಂಬ ಟಿಪ್ಪಣಿಯಲ್ಲಿ ಲೆಕ್ಕದ ತಪ್ಪಿರಲಿಲ್ಲ. ಮಕ್ಕಳೇಕೆ ಇಲ್ಲ ಎಂಬ ಪ್ರಶ್ನೆಗೆ ನನ್ನ ಮನೆಯಲ್ಲಿಯೇ ಉತ್ತರವಿತ್ತು ಎಂಬುದು ಮಾತ್ರ ಹೊಳೆಯಲಿಲ್ಲ. ಇಂದು ಮಗಳು ಹೊರದೇಶದಲ್ಲಿದ್ದಾಳೆ, ಮಗ ಬೆಂಗಳೂರಿನಲ್ಲಿದ್ದಾನೆ. ಇಬ್ಬರೂ ಒಳ್ಳೆಯವರೇ. ಆದರೆ ರಬ್ಬರ್ ತೋಟದ ಮನೆಯ, ಕಾಲನಿಯ ಮನೆಯ, ಮಸೀದಿ ಓಣಿಯ ಮನೆಯ ಒಬ್ಬ ಗೆಳೆಯನ ಹೆಸರೂ ಅವರ ಬಾಲ್ಯದಲ್ಲಿಲ್ಲ. ನನ್ನ ಬಾಲ್ಯದಲ್ಲಿ ಆ ಮೂರೂ ಇವೆ.

ಕಳೆದ ಮಳೆಗಾಲದ ಮೊದಲು ನಮ್ಮ ತೋಟಕ್ಕೆ ಔಷಧಿ ಬಿಡಲು ಬಂದಾತನೊಬ್ಬ ತನ್ನ ಮಗಳನ್ನು ಊರ ಶಾಲೆ ಬಿಡಿಸಿ ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸುವ ವಿಚಾರ ಹೇಳಿದ. ನಾನು ಊರ ಶಾಲೆಯ ಪರವಾಗಿ ನಾಲ್ಕು ಮಾತಾಡಿದೆ. ಆತ ಸಿಟ್ಟಿಲ್ಲದೆಯೇ ಹೇಳಿದ: ‘ನಿಮ್ಮ ಮಕ್ಕಳು ಇಂಗ್ಲಿಷ್ ಕಲಿತು ಹೊರಗೆ ಹೋಗಿ ಆಯ್ತು ಅಣ್ಣ. ಇನ್ನು ಕನ್ನಡ ಶಾಲೆ ಉಳಿಸುವುದು ನಮ್ಮ ಮಕ್ಕಳ ಕೆಲಸವಾ?’ ನನ್ನಲ್ಲಿ ಉತ್ತರವಿರಲಿಲ್ಲ. ಮಾನವೀಯ ಮೌಲ್ಯಗಳ ಭಾರವನ್ನು ಹೊರುವ ಕೆಲಸವನ್ನು ಬಡವರ ಮಕ್ಕಳಿಗೆ ವಹಿಸಿ, ಅದರ ಬಗ್ಗೆ ಲೇಖನ ಬರೆಯುವ ಕೆಲಸವನ್ನು ನಾವು ಇಟ್ಟುಕೊಂಡಿದ್ದೇವೆ.

ಆತನ ಅವಮಾನ ಮತ್ತು ಆಸೆ ಎರಡೂ ನಿಜ. ಆದರೆ ಅದೇ ಅವಮಾನಕ್ಕೆ ಇನ್ನೊಂದು ಪ್ರತಿಕ್ರಿಯೆಯೂ ಸಾಧ್ಯವಿತ್ತು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ. ಹರೇಕಳದ ಹಾಜಬ್ಬ ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ಒಂದು ದಿನ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಅರ್ಥವಾಗಲಿಲ್ಲ, ಉತ್ತರಿಸಲಾಗಲಿಲ್ಲ. ಜಾಗತೀಕರಣವು ಒಬ್ಬ ಸಾಮಾನ್ಯನನ್ನು ಮುಖಾಮುಖಿಯಾಗುವ ಕ್ಷಣ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಆ ಕ್ಷಣದ ಸಂಕೋಚದಿಂದ ನಾವೆಲ್ಲ ಕೈಗೊಂಡ ತೀರ್ಮಾನ ನಮ್ಮ ಮಕ್ಕಳಿಗಾದರೂ ಈ ಗತಿ ಬರಬಾರದು ಎಂಬುದು. ಹಾಜಬ್ಬ ಕೈಗೊಂಡ ತೀರ್ಮಾನ ತಮ್ಮೂರಿನ ಮಕ್ಕಳಿಗೆ ಈ ಗತಿ ಬರಬಾರದು ಎಂಬುದು. ಕಿತ್ತಳೆಯ ಗಳಿಕೆಯಲ್ಲಿ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ಶಾಲೆಯಿಲ್ಲದ ನ್ಯೂಪಡ್ಪು ಎಂಬಲ್ಲಿ ಸರ್ಕಾರಿ ಶಾಲೆ ತಲೆಯೆತ್ತುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಕೆಲಸದ ಅರ್ಥ ನಮ್ಮಲ್ಲಿ ಇಳಿಯಿತೋ ಇಲ್ಲವೋ! ಹರ್ಷ್‌ಮನ್ನರ ಮಾತಿನಲ್ಲಿ ಹೇಳುವುದಾದರೆ ಅವರು ಹೊರನಡೆಯಲಿಲ್ಲ, ದನಿಯೆತ್ತಿದರು.

ಇದು ನಮ್ಮ ಜಿಲ್ಲೆಯ ಹಳೆಯ ಪರಂಪರೆಯೂ ಹೌದು. 1897ರಲ್ಲಿ ಮಂಗಳೂರಿನಲ್ಲಿ ದೀನದಲಿತರ ಸೇವೆಗಾಗಿ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರು ಸ್ವಜಾತಿಯ ಬಹಿಷ್ಕಾರವನ್ನು ಸಹಿಸಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ತಾವು ಓದಿಸಿದ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಸಾರ್ಥಕ ಎಂಬುದು ಅವರ ಆಶಯವಾಗಿತ್ತು. ಗಮನಿಸಬೇಕು, ಅವರು ಹುದ್ದೆಯನ್ನೂ ಕಾರನ್ನೂ ಕೀಳಾಗಿ ಕಾಣಲಿಲ್ಲ. ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ ಕಾಲದಲ್ಲಿಯೇ, 1936ರಲ್ಲಿ, ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ತಂದರು. ಜಗತ್ತಿನ ಭೂಗೋಳ, ಜೀವಿಗಳು, ಯಂತ್ರಗಳು, ಜನಾಂಗಗಳು ಎಲ್ಲವೂ ಕನ್ನಡದ ಮಗುವಿನ ಕೈಗೆ ಬಂದವು. ಜಗತ್ತನ್ನು ಊರಿಗೆ ತರುವ ಆ ಜಾಗತೀಕರಣಕ್ಕೂ ಊರನ್ನು ತೊರೆದರೆ ಮಾತ್ರ ಜಗತ್ತು ಸಿಗುತ್ತದೆ ಎನ್ನುವ ಇಂದಿನ ಜಾಗತೀಕರಣಕ್ಕೂ ಇರುವ ಅಂತರ ದೊಡ್ಡದು.

ಮಾನವೀಯ ಶಿಕ್ಷಣ ಎಂದಾಗ ವಿಜ್ಞಾನ, ತಂತ್ರಜ್ಞಾನಗಳಿಗೆ ಎದುರಾಗಿ ಸಾಹಿತ್ಯ, ಇತಿಹಾಸಗಳನ್ನು ನಿಲ್ಲಿಸುವ ರೂಢಿಯೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ. 1976ರಲ್ಲಿ, ನಾನು ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷವೇ, ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ನೆಹರೂ ಸ್ಮಾರಕ ಮಹಾವಿದ್ಯಾಲಯವನ್ನು ಆರಂಭಿಸಿದರು. ಅದನ್ನು ನಡೆಸಲು ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ಅಕಾಡೆಮಿ ಆಫ್ ಲಿಬರಲ್ ಎಜುಕೇಶನ್. ಮುಕ್ತ, ಉದಾರ ಶಿಕ್ಷಣ ಎಂದು ಅರ್ಥ. 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು, ಬಳಿಕ ದಂತ, ಆಯುರ್ವೇದ, ವೈದ್ಯಕೀಯ ಕಾಲೇಜುಗಳು ಬಂದವು. ಒಂದು ಗುಡ್ಡಗಾಡಿನ ಪೇಟೆಗೆ ಇದು ದೊಡ್ಡ ಕೊಡುಗೆ. ಆದರೆ ಆ ಮೊದಲ ಹೆಸರಿನಲ್ಲಿದ್ದ ಆಶಯವನ್ನು ಇಂದು ಎಷ್ಟು ಪಾಲಕರು ಅರಸಿ ಬರುತ್ತಾರೆ? ಕಲಾ ವಿಭಾಗಕ್ಕೆ ಸೇರುವ ಹುಡುಗನಿಗೆ ಬೇರೆಲ್ಲೂ ಸೀಟು ಸಿಗಲಿಲ್ಲವೇ ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ತಪ್ಪು ಸಂಸ್ಥೆಗಳದ್ದಲ್ಲ, ನಮ್ಮ ಪ್ರಶ್ನೆಯದ್ದು.

ತಂತ್ರಜ್ಞಾನವೇ ಮಾನವೀಯವಾಗಬಹುದು ಎಂಬುದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಇದೇ ಪಯಸ್ವಿನಿಗೆ ಅಡ್ಡಲಾಗಿ ತೂಗುಸೇತುವೆಯೊಂದನ್ನು ಕಟ್ಟಿದರು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಕಷ್ಟಪಡುತ್ತಿದ್ದ ನೆರೆಯವರ ಕೋರಿಕೆಯೇ ಅದಕ್ಕೆ ಕಾರಣ. ಮುಂದೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಅವರು ನಿರ್ಮಿಸಿದರು; 2017ರಲ್ಲಿ ಪದ್ಮಶ್ರೀ ಪಡೆದರು. ಅವರು ಓದಿದ್ದು ಇಂಜಿನಿಯರಿಂಗನ್ನೇ. ಆದರೆ ಆ ವಿದ್ಯೆ ಯಾರ ಕಷ್ಟವನ್ನು ಕಂಡಿತು ಎಂಬುದು ಮುಖ್ಯ. ನೆರೆಯವನ ಕಷ್ಟ ಕಾಣಬೇಕಾದರೆ ಮೊದಲು ನೆರೆಯವನು ಕಾಣಬೇಕು. ಶಾಲೆಗೆ ಹೋಗುವ ಮಗು ನೆರೆಯವರ ಮಕ್ಕಳಿಂದ ದೂರವಾಗಿಯೇ ಬೆಳೆದರೆ ಎಂತಹ ವಿದ್ಯೆಯೂ ಆ ಕಣ್ಣನ್ನು ಕೊಡಲಾರದು.

ಹಾಗಾದರೆ ಏನು ಮಾಡಬೇಕು? ಪಠ್ಯಪುಸ್ತಕದ ಮೇಲಿನ ಜಗಳದಿಂದ ಉತ್ತರ ಸಿಗಲಾರದು. 2022ರಲ್ಲಿ ಒಂದು ಸರ್ಕಾರ ಪಾಠಗಳನ್ನು ಬದಲಿಸಿತು, 2023ರಲ್ಲಿ ಇನ್ನೊಂದು ಸರ್ಕಾರ ಅವುಗಳನ್ನು ಮತ್ತೆ ಬದಲಿಸಿತು. ಯಾವ ಪಾಠ ಇರಬೇಕೆಂಬುದು ಗಂಭೀರ ವಿಷಯವೇ. ಆದರೆ ಪಾಠ ಯಾವುದಿದ್ದರೂ ಅದನ್ನು ಓದುವ ಮಕ್ಕಳು ಪ್ರತ್ಯೇಕ ಪ್ರತ್ಯೇಕವಾಗಿ ಕುಳಿತಿದ್ದಾರೆ ಎಂಬುದರ ಬಗ್ಗೆ ಎರಡೂ ಕಡೆಯವರು ಮಾತಾಡಲಿಲ್ಲ. ಅದೇ 2022ರಲ್ಲಿ ಕರಾವಳಿಯ ಕಾಲೇಜುಗಳಲ್ಲಿ ಎದ್ದ ಹಿಜಾಬ್ ವಿವಾದದಲ್ಲಿಯೂ ಹಾಗೆಯೇ ಆಯಿತು. ಕಾನೂನಿನ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನ ತೀರ್ಪು ನೀಡಿದರು. ಯಾರ ವಾದ ಸರಿ ಎಂಬುದೇನೇ ಇರಲಿ, ಜೊತೆಗೆ ಕುಳಿತು ಓದುತ್ತಿದ್ದ ಕೆಲವು ಗೆಳತಿಯರು ಬೇರೆ ಬೇರೆ ಸಂಸ್ಥೆಗಳ ಪಾಲಾದರು. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ತನ್ನ ವರದಿಯನ್ನು ಒಪ್ಪಿಸಿದೆ. ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ, ದ್ವಿಭಾಷಾ ಸೂತ್ರ ಮುಂತಾದ ಶಿಫಾರಸುಗಳ ಮೇಲೆ ಚರ್ಚೆ ಎದ್ದಿದೆ. ಈ ಚರ್ಚೆಗೆ ಒಬ್ಬ ನಿವೃತ್ತ ಅಧಿಕಾರಿಯಾಗಿ ನಾಲ್ಕು ಮಾತುಗಳನ್ನು ಸೇರಿಸಬಯಸುತ್ತೇನೆ.

ಮೊದಲನೆಯದು, ಇಂಗ್ಲಿಷನ್ನು ಮಾರುಕಟ್ಟೆಗೆ ಬಿಟ್ಟುಕೊಡಬಾರದು. 2007ರಲ್ಲಿಯೇ ಸರ್ಕಾರಿ ಶಾಲೆಗಳ 1ನೇ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದೆವು. ಆದರೆ ಅದನ್ನು ಕಲಿಸಬಲ್ಲ ಶಿಕ್ಷಕರನ್ನು ತಯಾರುಮಾಡಲಿಲ್ಲ. ಔಷಧಿ ಬಿಡಲು ಬಂದಾತನ ಮಗಳಿಗೆ ಊರ ಶಾಲೆಯಲ್ಲಿಯೇ ಒಳ್ಳೆಯ ಇಂಗ್ಲಿಷ್ ಸಿಕ್ಕಿದರೆ ಆತ ಹೊರನಡೆಯಲು ಕಾರಣವೇ ಇಲ್ಲ. ಮಾಧ್ಯಮದ ವಾಗ್ವಾದವನ್ನು ಗೆಲ್ಲುವ ದಾರಿ ನ್ಯಾಯಾಲಯದಲ್ಲಿಲ್ಲ, ತರಗತಿಯಲ್ಲಿದೆ.

ಎರಡನೆಯದು, ಗಡಿಯಾಚೆಯ ಅನುಭವವನ್ನು ನೋಡಬೇಕು. ಕೇರಳವು 2017ರ ಜನವರಿಯಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞವನ್ನು ಆರಂಭಿಸಿ ಕಟ್ಟಡ, ತಂತ್ರಜ್ಞಾನ, ಶಿಕ್ಷಕರ ತರಬೇತಿಗಳಿಗೆ ಹಣ ತೊಡಗಿಸಿತು. ನಂತರದ ಕೆಲವು ವರ್ಷ ಅಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಕ್ಕಳು ಮರಳಿದರು. ಹೊರನಡೆದವರು ಹಿಂದಿರುಗುವುದು ಸಾಧ್ಯ ಎಂಬುದಕ್ಕೆ ಇದು ಪುರಾವೆ. ನಮ್ಮಲ್ಲಿ ಖಾಸಗಿ ಶಾಲೆಯ ಹಳದಿ ಬಸ್ಸು ಮನೆಯ ಅಂಗಳದ ತನಕ ಬರುತ್ತದೆ; ಸರ್ಕಾರಿ ಶಾಲೆಯ ಮಗು ಮಳೆಯಲ್ಲಿ ಸಂಕ ದಾಟಿ ನಡೆಯುತ್ತದೆ. ಶಾಲೆಗಳನ್ನು ಒಗ್ಗೂಡಿಸುವ ಯೋಜನೆಗಳು ಮಾಡಬೇಕಾದ ಮೊದಲ ಖರ್ಚು ವಾಹನದ್ದು. ಗುಡ್ಡಗಾಡಿನಲ್ಲಿ ಕಿರಿಯ ಮಕ್ಕಳ ಶಾಲೆ ನಡಿಗೆಯ ದೂರದಲ್ಲಿಯೇ ಉಳಿಯಬೇಕು.

ಮೂರನೆಯದು, ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಅವಕಾಶವನ್ನು ಮತ್ತೆ ಜೀವಂತಗೊಳಿಸಬೇಕು. ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಖಾಸಗಿ ಶಾಲೆಗಳಲ್ಲಿ ಈ ಸೀಟುಗಳು ಬೇಡ ಎಂದು ಕರ್ನಾಟಕವು 2019ರಿಂದ ನಿಯಮ ಬದಲಿಸಿತು. ಸರ್ಕಾರಿ ಶಾಲೆ ಉಳಿಸುವ ಉದ್ದೇಶ ಅದರ ಹಿಂದಿತ್ತು. ಆದರೆ ಪರಿಣಾಮವಾಗಿ ಉಳ್ಳವರ ಮಕ್ಕಳ ಪಕ್ಕದಲ್ಲಿ ಇಲ್ಲದವರ ಮಕ್ಕಳು ಕೂರಬಹುದಾಗಿದ್ದ ಒಂದು ಬಾಗಿಲೂ ಬಹುಮಟ್ಟಿಗೆ ಮುಚ್ಚಿತು. ಬಡ ಮಗುವಿಗಿಂತಲೂ ಶ್ರೀಮಂತ ಮಗುವಿಗೆ ಆ ಬಾಗಿಲಿನ ಅಗತ್ಯವಿತ್ತು ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯದು ನನ್ನ ವರ್ಗಕ್ಕೆ ಸೇರಿದ್ದು. ಸರ್ಕಾರದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಯಲ್ಲಿಯೇ ಓದಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಆದೇಶಿಸಿತ್ತು. ಅದು ಜಾರಿಯಾಗಲಿಲ್ಲ, ಬಲವಂತದಿಂದ ಆಗುವುದೂ ಅಲ್ಲ. ಆದರೆ ಆಸ್ತಿ ವಿವರ ಘೋಷಿಸುವಂತೆ ಶಾಸಕರು ಮತ್ತು ಹಿರಿಯ ಅಧಿಕಾರಿಗಳು ತಮ್ಮ ಮಕ್ಕಳು ಯಾವ ಬಗೆಯ ಶಾಲೆಯಲ್ಲಿ ಓದುತ್ತಿದ್ದಾರೆಂದು ಘೋಷಿಸಲಿ. ಶಾಲೆಗಳ ವಿಲೀನದ ಕಡತಕ್ಕೆ ಸಹಿ ಹಾಕುವವನ ಹೆಸರಿನ ಪಕ್ಕದಲ್ಲಿ ಆ ವಿವರವೂ ಇರಲಿ. ಇಂಥ ನಿಯಮ ನನ್ನ ಕಾಲದಲ್ಲಿ ಇದ್ದಿದ್ದರೆ ನಾನು ಸಹಿ ಹಾಕುವ ಮೊದಲು ಸ್ವಲ್ಪ ಹೊತ್ತಾದರೂ ಯೋಚಿಸುತ್ತಿದ್ದೆ.

ಇವುಗಳಿಂದ ಕೊಲೆಗಳು ನಿಲ್ಲುತ್ತವೆಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಹೇಳಲಾರೆ. ದ್ವೇಷಕ್ಕೆ ಬೇರೆ ಬೇರುಗಳಿವೆ, ಅದರಿಂದ ಲಾಭ ಪಡೆಯುವವರಿದ್ದಾರೆ, ಪೊಲೀಸು ಮತ್ತು ನ್ಯಾಯಾಲಯಗಳ ಕೆಲಸವನ್ನು ಶಾಲೆ ಮಾಡಲಾರದು. ಆದರೆ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. 2022ರ ಆ ಜುಲೈಯಲ್ಲಿ ನಿಷೇಧಾಜ್ಞೆ ಜಾರಿಯಲ್ಲಿದ್ದಾಗ, ರಾತ್ರಿ ನನಗೆ ಎರಡು ದೂರವಾಣಿ ಕರೆಗಳು ಬಂದವು. ಒಂದು, ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಈಗ ಪೇಟೆಯಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡಿರುವ ಮುಸ್ಲಿಂ ಗೆಳೆಯನದು. ಮನೆಯಲ್ಲಿ ಎಲ್ಲರೂ ಸುರಕ್ಷಿತವಾಗಿದ್ದೀರಾ, ಏನಾದರೂ ಬೇಕಾ ಎಂದು ವಿಚಾರಿಸಿದ. ಇನ್ನೊಂದು, ಹೊರದೇಶದಲ್ಲಿರುವ ಬಂಧುವೊಬ್ಬನದು. ‘ಅವರನ್ನು’ ಸುಮ್ಮನೆ ಬಿಡಬಾರದು ಎಂದ. ಮೊದಲನೆಯವನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಎರಡನೆಯವನಿಗೆ ಎರಡು ಪದವಿಗಳಿವೆ.

ಇಂದಿಗೂ ಬೆಳಿಗ್ಗೆ ಎಂಟರ ಹೊತ್ತಿಗೆ ಕಾಂತಮಂಗಲದ ಸೇತುವೆಯ ಬಳಿ ನಿಂತರೆ ಸುಳ್ಯದ ಕಡೆಗೆ ಒಂದರ ಹಿಂದೊಂದರಂತೆ ಶಾಲಾ ವಾಹನಗಳು ಹೋಗುತ್ತವೆ. ಒಂದೊಂದರ ಮೇಲೆ ಒಂದೊಂದು ಹೆಸರು, ಒಳಗೆ ಒಂದೊಂದು ಬಣ್ಣದ ಸಮವಸ್ತ್ರ. ಎಲ್ಲವೂ ಒಂದೇ ಊರಿನ ಮಕ್ಕಳನ್ನು ಒಂದೇ ಹೊಳೆ ದಾಟಿಸುತ್ತವೆ. ಮುಂದಿನ ಫಲಿತಾಂಶದಲ್ಲಿಯೂ ನಮ್ಮ ಜಿಲ್ಲೆ ಮುಂಚೂಣಿಯಲ್ಲಿರುತ್ತದೆ, ಸಂದೇಹವಿಲ್ಲ. ಆ ವಾಹನಗಳ ಕಿಟಕಿಗಳಲ್ಲಿ ಕುಳಿತ ಮಕ್ಕಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದೆಯೇ ಎಂಬ ಪರೀಕ್ಷೆಯನ್ನು ಮಾತ್ರ ನಾವು ಇನ್ನೂ ಇಟ್ಟಿಲ್ಲ.